ಶ್ರಾವಣದ ದಾರಿ, ಶಾಲೆಯ ದಾರಿ

ಶ್ರಾವಣ ಮಾಸ ಬಂದಿತೆಂದರೆ ಉರುಕುಂದಕ್ಕೆ ಹೋಗುವ ರಸ್ತೆಗಳಲ್ಲಿ ನಡೆಯುವವನಿಗೂ ಒಂದು ಸ್ಥಾನ ದೊರೆಯುತ್ತದೆ. ಈರಣ್ಣಸ್ವಾಮಿಯ ದರ್ಶನಕ್ಕಾಗಿ ಆಂಧ್ರ, ತೆಲಂಗಾಣ, ಕರ್ನಾಟಕಗಳಿಂದ ಭಕ್ತರು ಬರುತ್ತಾರೆ. ಸೋಮವಾರ ಮತ್ತು ಗುರುವಾರಗಳಂದು ಜನಸಂದಣಿ ಹೇಳತೀರದು. ಆಗ ವಾಹನಗಳನ್ನು ದೂರದಲ್ಲೇ ತಡೆಯಲಾಗುತ್ತದೆ, ಕತ್ತಲಿರುವಲ್ಲಿ ದೀಪ ಕಟ್ಟಲಾಗುತ್ತದೆ, ರಸ್ತೆಯ ಮೇಲೆ ಬಾಗಿದ ಜಾಲಿಯನ್ನು ಕಡಿಯಲಾಗುತ್ತದೆ, ಹೊಂಡಕ್ಕೆ ಮೊರಂ ಬೀಳುತ್ತದೆ. ಮಾಸ ಮುಗಿಯುತ್ತಲೇ ಅಡ್ಡಗಟ್ಟೆಗಳು ಲಾರಿ ಹತ್ತುತ್ತವೆ, ದೀಪದ ತಂತಿಗಳನ್ನು ಸುತ್ತಿಡಲಾಗುತ್ತದೆ, ಜಾಲಿ ಪುನಃ ಚಿಗುರುತ್ತದೆ. ಇದರಲ್ಲಿ ಆಕ್ಷೇಪಾರ್ಹವಾದದ್ದು ಏನೂ ಇಲ್ಲ. ಜಾತ್ರೆಯ ವ್ಯವಸ್ಥೆ ಜಾತ್ರೆಯ ಮಟ್ಟಿಗೆ. ಆದರೆ ಇದರಿಂದ ಒಂದು ಸಂಗತಿ ಸಿದ್ಧಪಡುತ್ತದೆ: ನಡೆಯುವವರಿಗೆ ದಾರಿ ಮಾಡಿಕೊಡುವುದು ಈ ಭಾಗದ ಆಡಳಿತಕ್ಕೆ ತಿಳಿಯದ ವಿದ್ಯೆಯಲ್ಲ. ವರ್ಷಕ್ಕೊಂದು ತಿಂಗಳು ಅದು ಆ ವಿದ್ಯೆಯನ್ನು ಪ್ರದರ್ಶಿಸುತ್ತಲೇ ಇದೆ.

ಉಳಿದ ಹನ್ನೊಂದು ತಿಂಗಳು ಇವೇ ದಾರಿಗಳಲ್ಲಿ ನಡೆಯುವವರು ಯಾರು? ಬೆನ್ನಿಗೆ ಪುಸ್ತಕದ ಚೀಲ ಹೊತ್ತ ಮಕ್ಕಳು. ಅವರನ್ನು ಬಸ್ಸಿನವರೆಗೆ ಬಿಡಲು ಬರುವ ಅಜ್ಜ ಅಜ್ಜಿಯರು. ಆದವಾನಿ, ಕೌತಾಳಂ, ಕೋಸಗಿ ಕಡೆಯ ದುಡಿಯುವ ಜನ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಸುಗ್ಗಿಗೆಂದು ಹೋದಾಗ ಮನೆಯಲ್ಲಿ ಉಳಿಯುವವರು ವೃದ್ಧರು ಮತ್ತು ಮಕ್ಕಳು ಮಾತ್ರ. ಕಣ್ಣು ಮಂಜಾದವರೂ, ವಾಹನದ ವೇಗವನ್ನು ಇನ್ನೂ ಅಳೆಯಲಾರದವರೂ ಕೈಕೈ ಹಿಡಿದು ರಸ್ತೆ ದಾಟುವ ಕಾಲ ಅದು. ಆದವಾನಿಯ ಮಾರುಕಟ್ಟೆಗೆ ಹತ್ತಿ ಸಾಗುವ ಕಾಲವೂ ಅದೇ. ಇಕ್ಕೆಲಗಳಿಗೂ ಉಬ್ಬಿ ತುಂಬಿದ ಹತ್ತಿಯ ಗಾಡಿಯೊಂದು ಎದುರಿಗೆ ಬಂದರೆ ರಸ್ತೆಯಿಂದ ಕೆಳಗಿಳಿಯದೆ ಗತ್ಯಂತರವಿಲ್ಲ. ಇಳಿಯುವುದಾದರೂ ಎಲ್ಲಿಗೆ? ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ನಾಲ್ಕು ಬೆರಳು ಮೇಲೇರುತ್ತದೆ, ಅಂಚಿನ ಎರೆಮಣ್ಣು ಇದ್ದಲ್ಲಿಯೇ ಇರುತ್ತದೆ. ಬೇಸಗೆಯಲ್ಲಿ ಅದು ಬಿರುಕು, ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು. ಮಿಕ್ಕ ಜಾಗವನ್ನು ಬಳ್ಳಾರಿ ಜಾಲಿ ಆಕ್ರಮಿಸಿಕೊಂಡಿರುತ್ತದೆ.

ಈ ಪತ್ರಿಕೆಯನ್ನು ಓದುವ ಕುಟುಂಬಗಳಿಗೆ ಇದು ರಸ್ತೆಯ ಪ್ರಶ್ನೆ ಮಾತ್ರವಲ್ಲವೆಂಬುದನ್ನು ವಿವರಿಸಿ ಹೇಳಬೇಕಾಗಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯದಲ್ಲಿ ಸೇರಿದವು. ಅಂದಿನಿಂದ ಇಲ್ಲಿ ಕನ್ನಡ ಶಾಲೆ ಅಲ್ಪಸಂಖ್ಯಾತರ ಶಾಲೆ. ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದ ಶಾಲೆ ಊರಲ್ಲೇ ಇರುತ್ತದೆ. ಕನ್ನಡದ ಮಗು ಪ್ರಾಥಮಿಕ ಹಂತವನ್ನು ಊರಿನಲ್ಲಿ ಮುಗಿಸಿದರೂ ಮುಂದಿನ ತರಗತಿಗಳಿಗೆ ಅನೇಕ ವೇಳೆ ಮತ್ತೊಂದು ಊರಿಗೆ ಹೋಗಬೇಕು. ಪಕ್ಕದ ಮನೆಯ ಮಗುವಿಗಿಂತ ನಮ್ಮ ಮಗು ಹೆಚ್ಚು ದೂರ ನಡೆಯುತ್ತದೆ, ಬಸ್ಸಿಗಾಗಿ ಹೆಚ್ಚು ಹೊತ್ತು ಕಾಯುತ್ತದೆ, ಕತ್ತಲಾದ ಮೇಲೆ ಮನೆ ಸೇರುತ್ತದೆ. ದಾರಿ ಅಪಾಯಕರವಾದರೆ ತಾಯಿತಂದೆಯರು ಮಾಡುವುದೇನೆಂದು ಎಲ್ಲರಿಗೂ ಗೊತ್ತು. ಮೊದಲು ಹೆಣ್ಣುಮಗುವನ್ನು ಸಮೀಪದ ಶಾಲೆಗೆ ಬದಲಾಯಿಸುತ್ತಾರೆ, ಆಮೇಲೆ ಅವಳ ತಮ್ಮನನ್ನು. ಶಿಕ್ಷಕರ ಹುದ್ದೆಗಳು ಮಕ್ಕಳ ಸಂಖ್ಯೆಯನ್ನು ಅನುಸರಿಸುತ್ತವೆ; ಸಂಖ್ಯೆ ಕುಗ್ಗಿದ ವಿಭಾಗದಿಂದ ಹುದ್ದೆ ಬೇರೆಡೆಗೆ ಹೋಗುತ್ತದೆ; ಹುದ್ದೆ ಹೋದ ವಿಭಾಗಕ್ಕೆ ಮರುವರ್ಷ ಯಾರೂ ಮಕ್ಕಳನ್ನು ಸೇರಿಸುವುದಿಲ್ಲ. ಕನ್ನಡ ವಿಭಾಗವೊಂದು ಮುಚ್ಚಿದಾಗ ನಾವು ಸಭೆ ಸೇರಿ ಭಾಷಾಭಿಮಾನದ ಮಾತುಗಳನ್ನಾಡುತ್ತೇವೆ. ಆ ಶಾಲೆಗೆ ಹೋಗುವ ದಾರಿಯನ್ನು ಕುರಿತು ಹಿಂದಿನ ಐದು ವರ್ಷಗಳಲ್ಲಿ ಒಂದು ಅರ್ಜಿಯನ್ನಾದರೂ ಕೊಟ್ಟಿದ್ದೆವೇ ಎಂದು ಯಾರೂ ಕೇಳುವುದಿಲ್ಲ.

ಸಂವಿಧಾನದ 350-ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಬೇಕೆನ್ನುತ್ತದೆ. ಆ ಸೌಕರ್ಯದ ಒಳಗೆ ಶಾಲೆಯ ಬಾಗಿಲವರೆಗಿನ ದಾರಿಯೂ ಸೇರಿದೆಯೆಂಬುದು ನನ್ನ ಅಭಿಪ್ರಾಯ. ಹಾಗೆಂದು ಯಾವ ನ್ಯಾಯಾಲಯವೂ ಹೇಳಿದೆಯೆಂದು ನಾನು ಹೇಳುತ್ತಿಲ್ಲ. ವಕೀಲನ ವಾದವೆಂದೇ ಓದುಗರು ಇದನ್ನು ಭಾವಿಸಲಿ. ಆದರೆ ನಡೆಯುವ ದಾರಿಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು ಹೇಳಿರುವುದು ವಾದವಲ್ಲ, ಆಜ್ಞೆ.

ಕೊಯಮತ್ತೂರಿನ ಮೂಳೆರೋಗ ಶಸ್ತ್ರವೈದ್ಯರಾದ ಡಾ. ಎಸ್. ರಾಜಶೇಖರನ್ ಅವರು 2012ರಲ್ಲಿ ರಸ್ತೆ ಸುರಕ್ಷತೆಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಆ ಪ್ರಕರಣದಲ್ಲಿ 2025ರ ಮೇ 14ರಂದು ನ್ಯಾಯಾಲಯವು, ಅಡೆತಡೆಯಿಲ್ಲದ, ವಿಕಲಚೇತನರೂ ಬಳಸಬಲ್ಲ ಪಾದಚಾರಿ ಮಾರ್ಗವನ್ನು ಹೊಂದುವುದು ಸಂವಿಧಾನದ 21ನೆಯ ಅನುಚ್ಛೇದದ ಅಡಿಯಲ್ಲಿ ನಾಗರಿಕರ ಹಕ್ಕೆಂದು ಹೇಳಿತು. 21ನೆಯ ಅನುಚ್ಛೇದವೆಂದರೆ ಜೀವಿಸುವ ಹಕ್ಕು. ಅದೇ ವರ್ಷ ಅಕ್ಟೋಬರ್ 7ರಂದು, ಪಾದಚಾರಿಗಳ ಸುರಕ್ಷತೆಗೆ ಸಂಬಂಧಿಸಿದ ನಿಯಮಗಳನ್ನು ಮೋಟಾರು ವಾಹನಗಳ ಅಧಿನಿಯಮದ ಅಡಿಯಲ್ಲಿ ಆರು ತಿಂಗಳೊಳಗೆ ರಚಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ನ್ಯಾಯಾಲಯ ಇಷ್ಟು ಕಟುವಾಗಲು ಕಾರಣವಿದೆ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ವಾಹನವನ್ನೇ ಏರದೆ ಸತ್ತವರು ಐವರಲ್ಲಿ ಒಬ್ಬರು.

ಇನ್ನೊಂದು ತೀರ್ಪು ಇದಕ್ಕಿಂತ ಹಳೆಯ ಹೋರಾಟದ ಫಲ. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಎಂಬವರು 2005ರಲ್ಲಿ, ರಸ್ತೆ, ಬಸ್ಸು, ಸಾರ್ವಜನಿಕ ಕಟ್ಟಡಗಳು ತಮ್ಮಂಥವರಿಗೂ ಬಳಕೆಗೆ ಬರಬೇಕೆಂದು ಅರ್ಜಿ ಹಾಕಿದರು. ಮುಂದೆ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಬಂದಿತು. ಅದರ 41ನೆಯ ಕಲಮು ಬಸ್ ನಿಲ್ದಾಣಗಳನ್ನು ಹೆಸರಿಸಿಯೇ ಹೇಳುತ್ತದೆ. ಆದರೆ 2017ರ ನಿಯಮಗಳು ಅಧಿನಿಯಮದ ಹಲ್ಲುಗಳನ್ನು ಕಿತ್ತಿದ್ದವು. ಮಾನದಂಡಗಳನ್ನು ಸಲಹೆಯ ರೂಪದಲ್ಲಿ ಬರೆದು, ಪಾಲಿಸದಿದ್ದರೂ ನಡೆಯುವಂತೆ ಮಾಡಲಾಗಿತ್ತು. ಹೈದರಾಬಾದಿನ ನಾಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರದಿಂದ ವರದಿ ತರಿಸಿಕೊಂಡ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು, ಆ 15ನೆಯ ನಿಯಮವು ಮೂಲ ಅಧಿನಿಯಮಕ್ಕೆ ವಿರುದ್ಧವೆಂದು ಘೋಷಿಸಿ, ಕಡ್ಡಾಯವಾದ ಮಾನದಂಡಗಳನ್ನು ರೂಪಿಸಲು ಆಜ್ಞಾಪಿಸಿತು. ಹತ್ತೊಂಬತ್ತು ವರ್ಷಗಳ ವ್ಯಾಜ್ಯ. ನಮ್ಮ ಊರ ಅರ್ಜಿಗೆ ಹತ್ತೊಂಬತ್ತು ವಾರಗಳ ತಾಳ್ಮೆ ನಮಗಿದ್ದರೆ ಸಾಕು.

ಬಳಕೆಗೆ ಬರುವ ದಾರಿ ಎಂದರೆ ಏನು? ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಮಾರ್ಗಸೂಚಿ ಇದಕ್ಕೆ ಅಳತೆಗಳನ್ನೇ ಕೊಟ್ಟಿದೆ. ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ಅಗಲ ಅಡ್ಡಿಯಿಲ್ಲದೆ ಇರಬೇಕು. ಕಂಬ, ಕಟ್ಟೆ, ಫಲಕಗಳು ಆ ಅಗಲದ ಹೊರಗಿರಬೇಕು. ಅಂಚುಗಲ್ಲಿನ ಎತ್ತರ 150 ಮಿಲಿಮೀಟರನ್ನು ಮೀರಬಾರದು. ಇಳಿಜಾರು ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದವಿರಬೇಕು. ಇದಕ್ಕಿಂತ ಕಡಿದಾದರೆ ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಹತ್ತಲಾಗದು. ದೊಡ್ಡ ರೈಲು ನಿಲ್ದಾಣಗಳ ಪ್ಲಾಟ್‌ಫಾರಂ ಅಂಚಿನಲ್ಲಿ ಹಳದಿ ಬಣ್ಣದ ಉಬ್ಬುಗೆರೆಯ ಹಾಸುಗಲ್ಲುಗಳನ್ನು ಮಕ್ಕಳು ನೋಡಿರಬಹುದು. ಅಂದಕ್ಕಾಗಿ ಹಾಕಿದವಲ್ಲ ಅವು. ಜಪಾನಿನ ಸೆಯಿಚಿ ಮಿಯಾಕೆ ಎಂಬವರು ಅಂಧರು ಪಾದಸ್ಪರ್ಶದಿಂದ ದಾರಿ ಅರಿಯಲೆಂದು ರೂಪಿಸಿದ ಈ ಕಲ್ಲುಗಳನ್ನು ಮೊಟ್ಟಮೊದಲು 1967ರಲ್ಲಿ ಒಕಾಯಾಮ ನಗರದ ಒಂದು ರಸ್ತೆ ದಾಟುವೆಡೆಯಲ್ಲಿ ಹಾಸಲಾಯಿತು. ಮಕ್ಕಳಿಗೆ ಇದನ್ನು ಹೇಳಿಕೊಡಿರಿ. ಆಗ ಅದರ ಮೇಲೆ ಸಾಮಾನು ಇಡುವುದನ್ನು ಅವರೇ ನಿಲ್ಲಿಸುತ್ತಾರೆ, ದೊಡ್ಡವರನ್ನೂ ತಡೆಯುತ್ತಾರೆ.

ಹಳ್ಳಿಯ ರಸ್ತೆಗೆ ನಗರದ ಫುಟ್‌ಪಾತ್ ಬೇಕೆಂದು ನಾನು ವಾದಿಸುವುದಿಲ್ಲ. ಬೆಂಗಳೂರಿನ ನಡುವಣ ಕೆಲವು ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಹಾಸಿದ ಅಗಲವಾದ ಕಾಲುದಾರಿಗಳು ಕಣ್ಣಿಗೆ ಹಬ್ಬ. ಅವುಗಳ ಖರ್ಚು ನಮ್ಮ ಪಂಚಾಯಿತಿಗಳ ಕನಸಿಗೂ ಮೀರಿದ್ದು. ನಮಗೆ ಬೇಕಾದದ್ದು ಬೇರೆ. ಊರ ಅಂಚಿನಿಂದ ಬಸ್ಸು ನಿಲ್ಲುವಲ್ಲಿಯವರೆಗೆ ರಸ್ತೆಯ ಒಂದು ಮಗ್ಗುಲನ್ನಾದರೂ ಮೊರಂ ಹಾಕಿ, ಗಟ್ಟಿಸಿ, ಡಾಂಬರಿನ ಮಟ್ಟಕ್ಕೆ ತರಬೇಕು. ಜಾಲಿಯನ್ನು ಬೇರುಸಹಿತ ಕೀಳಬೇಕು. ಚರಂಡಿಯ ಮೇಲೆ ಮುರಿದ ಚಪ್ಪಡಿಯನ್ನು ಬದಲಾಯಿಸಬೇಕು. ಶಾಲೆಯ ಮುಂದೆ ವೇಗತಡೆ ಇರಬೇಕು, ಅದಕ್ಕೆ ಬಣ್ಣವಿರಬೇಕು. ಬಣ್ಣವಿಲ್ಲದ ವೇಗತಡೆ ರಾತ್ರಿಯ ಬೈಕ್ ಸವಾರನಿಗೆ ಇನ್ನೊಂದು ಹೊಂಡವಷ್ಟೇ.

ಬಸ್ ತಂಗುದಾಣದ ಮಾತನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ, ನಮ್ಮ ರಾಜ್ಯದಲ್ಲಿ 2025ರ ಆಗಸ್ಟ್ 15ರಿಂದ ಸ್ತ್ರೀಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಬಸ್ಸಿನ ದರವನ್ನು ಇಲ್ಲವಾಗಿಸಿದವು. ಇದು ಸಣ್ಣ ಸಾಧನೆಯಲ್ಲ. ಪಲ್ಲೆವೆಲುಗು ಬಸ್ಸಿನಲ್ಲಿ ಓದಲು ಹೋಗುವ ಹುಡುಗಿಯ ಮನೆಯವರಿಗೆ ಇದರ ಬೆಲೆ ಗೊತ್ತು. ಆದರೆ ಬಸ್ಸಿನೊಳಗಿನ ಹಕ್ಕನ್ನು ಅನುಭವಿಸಲು ಮೊದಲು ಬಸ್ಸನ್ನು ಹತ್ತಬೇಕು. ಅನೇಕ ಊರುಗಳಲ್ಲಿ ತಂಗುದಾಣವೊಂದು ಕಡೆ, ಬಸ್ಸು ನಿಲ್ಲುವುದು ಮತ್ತೊಂದು ಕಡೆ. ತಂಗುದಾಣದ ಮುಂದೆ ಬೈಕು, ಆಟೋಗಳು ನಿಂತಿರುವುದರಿಂದ ಚಾಲಕ ಮುಂದೆ ಹೋಗಿ ನಿಲ್ಲಿಸುತ್ತಾನೆ. ಮಕ್ಕಳು ರಸ್ತೆಯ ನಡುವೆಯೇ ಓಡುತ್ತಾರೆ. ಅಜ್ಜಿ ಓಡಲಾರದೆ ಬಸ್ಸು ತಪ್ಪಿಸಿಕೊಳ್ಳುತ್ತಾಳೆ. ಓಡಿ ಮುಟ್ಟಿದರೂ ತಗ್ಗಿನಲ್ಲಿ ನಿಂತವಳಿಗೆ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲಿಗಿಂತ ಮೇಲೆ. ಬಸ್ಸನ್ನು ತಗ್ಗಿಸಲಾಗದು, ನೆಲವನ್ನು ಎತ್ತರಿಸಬಹುದು. ಬಸ್ಸಿನ ಬಾಗಿಲು ಬರುವ ಜಾಗದಲ್ಲಿ ಒಂದು ಗೇಣು ಎತ್ತರದ ಸಿಮೆಂಟಿನ ಕಟ್ಟೆ, ಅದರ ತುದಿಗೊಂದು ಇಳಿಜಾರು, ನಿಲ್ಲಬೇಕಾದ ಜಾಗಕ್ಕೆ ಬಿಳಿಯ ಗೆರೆ, ಒಂದು ದೀಪ. ಇಷ್ಟಕ್ಕೆ ಬೇಕಾದದ್ದು ಯಾವ ಮಹಾಯೋಜನೆಯೂ ಅಲ್ಲ, ಒಂದೆರಡು ದಿನಗಳ ಗಾರೆ ಕೆಲಸ.

ಉರುಕುಂದದಲ್ಲಿ ಇನ್ನೊಂದು ಅಪಾಯವಿದೆ, ತುಂಗಭದ್ರಾ ಕೆಳಮಟ್ಟದ ಕಾಲುವೆ. ಭಕ್ತರು ಅದರಲ್ಲಿ ಸ್ನಾನ ಮಾಡುತ್ತಾರೆ. ಕಾಲುವೆಯ ಏರಿ ಈ ಸೀಮೆಯ ಹಳ್ಳಿಗಳಿಗೆ ಅಡ್ಡದಾರಿಯೂ ಹೌದು. ಟ್ರ್ಯಾಕ್ಟರು, ಬೈಕು, ಕುರಿಮಂದೆ, ಮಕ್ಕಳು ಎಲ್ಲರಿಗೂ ಅದೊಂದೇ ಏರಿ. ನೀರು ಶಾಂತವಾಗಿ ಕಂಡರೂ ಸೆಳೆತ ಬಲವಾಗಿರುತ್ತದೆ, ಒಳಗಿನ ಇಳಿಜಾರು ಜಾರುತ್ತದೆ. ಇಂಥಲ್ಲಿ ಎಚ್ಚರಿಕೆಯ ಫಲಕವು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಇರಬೇಕೆಂದು ಕೇಳುವುದು ಭಾಷೆಯ ಹಟವಲ್ಲ. ರಾಯಚೂರು, ಬಳ್ಳಾರಿ ಕಡೆಗಳಿಂದ ಬಂದವನಿಗೆ ಎರಡು ಲಿಪಿಗಳ ಸೋದರಸಂಬಂಧ ಒಂದೊಂದೇ ಅಕ್ಷರ ಕೂಡಿಸಿ ಓದಲು ನೆರವಾದೀತು. ಆದರೆ ಅಪಾಯದ ಸೂಚನೆಯನ್ನು ಹಾಗೆ ಕೂಡಿಸಿಕೊಂಡು ಓದುವಂತಾಗಬಾರದು. ಪ್ರದೇಶವೊಂದರ ಜನಸಂಖ್ಯೆಯಲ್ಲಿ ಶೇಕಡಾ 15ರಿಂದ 20ರಷ್ಟು ಭಾಷಾ ಅಲ್ಪಸಂಖ್ಯಾತರಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲೂ ಇರುವುದು ಒಳ್ಳೆಯದೆಂಬ ಮಾತು 1956ರ ಕೇಂದ್ರ ಸರ್ಕಾರದ ಜ್ಞಾಪನಪತ್ರದಲ್ಲಿಯೇ ಇದೆ.

ಈಗ ಅರ್ಜಿಯ ವಿಚಾರ. ನಮ್ಮ ಅರ್ಜಿಗಳು ಸಾಯುವುದು ಅಧಿಕಾರಿಯ ದುಷ್ಟತನದಿಂದಲ್ಲ, ವಿಳಾಸದ ದೋಷದಿಂದ. ಊರೊಳಗಿನ ಬೀದಿ ಗ್ರಾಮ ಪಂಚಾಯಿತಿಯದು. ಊರುಗಳನ್ನು ಜೋಡಿಸುವ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದೋ ರಸ್ತೆ ಮತ್ತು ಕಟ್ಟಡಗಳ ಇಲಾಖೆಯದೋ ಆಗಿರಬಹುದು. ಕಾಲುವೆಯ ಏರಿ ನೀರಾವರಿಯವರದು. ದೇವಸ್ಥಾನದ ಆವರಣ ದೇವಾದಾಯ ಇಲಾಖೆಯದು. ತಂಗುದಾಣವನ್ನು ಕಟ್ಟಿಸಿದವರು ಒಬ್ಬರು, ಬಸ್ಸು ನಿಲ್ಲಿಸುವವರು ಇನ್ನೊಬ್ಬರು. ಆದ್ದರಿಂದ ಮೊದಲು ಮಾಹಿತಿ ಹಕ್ಕಿನ ಅಡಿಯಲ್ಲಿ ಒಂದೇ ಪ್ರಶ್ನೆ ಕೇಳಬೇಕು: ಈ ಊರಿನಿಂದ ಆ ಶಾಲೆಯವರೆಗಿನ ರಸ್ತೆಯ ನಿರ್ವಹಣೆ ಯಾರದು, ಹಿಂದಿನ ಮೂರು ವರ್ಷಗಳಲ್ಲಿ ಅದಕ್ಕೆ ಎಷ್ಟು ವ್ಯಯವಾಗಿದೆ? ನಮ್ಮ ರಾಜ್ಯದಲ್ಲಿ ಗ್ರಾಮಮಟ್ಟದ ಕಚೇರಿಗೆ ಇದಕ್ಕೆ ಶುಲ್ಕವಿಲ್ಲ, ಮಂಡಲಮಟ್ಟದಲ್ಲಿ 5 ರೂಪಾಯಿ, ಮೇಲಿನ ಕಚೇರಿಗಳಲ್ಲಿ 10 ರೂಪಾಯಿ. ಪ್ರಶ್ನೆ ತಪ್ಪು ಕಚೇರಿಗೆ ಹೋದರೆ ಅವರೇ ಐದು ದಿನಗಳೊಳಗೆ ಸರಿಯಾದ ಕಚೇರಿಗೆ ಕಳುಹಿಸಬೇಕು. ಉತ್ತರಕ್ಕೆ ಗಡುವು ಮೂವತ್ತು ದಿನಗಳು.

ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದೆ? ಬರೆಯಬಹುದು. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಎಲ್ಲರಿಗೂ ಕೊಟ್ಟಿದೆ. ಹಕ್ಕು ಹೀಗಿದೆ, ವ್ಯವಹಾರಜ್ಞಾನ ಬೇರೆ ಹೇಳುತ್ತದೆ. ಜೊತೆಗೊಂದು ತೆಲುಗು ಪ್ರತಿಯನ್ನು ಇಡಿರಿ. ಓದಿ ಅರ್ಥಮಾಡಿಕೊಂಡ ಗುಮಾಸ್ತ ಕಡತವನ್ನು ಬೇಗ ಮೇಲಕ್ಕೆ ಕಳುಹಿಸುತ್ತಾನೆ. ಅದರಲ್ಲಿ ಘನತೆಗೆ ಕುಂದೇನೂ ಇಲ್ಲ.

ಅರ್ಜಿ ಒಬ್ಬರ ಹೆಸರಿನಲ್ಲಿ ಹೋಗುವುದಕ್ಕಿಂತ ಶಾಲೆಯ ಹೆಸರಿನಲ್ಲಿ ಹೋಗುವುದು ಉತ್ತಮ. ಶಿಕ್ಷಣ ಹಕ್ಕು ಅಧಿನಿಯಮ, 2009ರ 21ನೆಯ ಕಲಮಿನಂತೆ ಶಾಲಾ ನಿರ್ವಹಣಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರು, ಅರ್ಧದಷ್ಟು ಮಹಿಳೆಯರು. ಊಟ, ಸಮವಸ್ತ್ರಗಳ ಸಹಿಗೆ ಮಾತ್ರ ಈ ಸಮಿತಿ ಇರುವುದೆಂದು ನಾವೇ ಭಾವಿಸಿಕೊಂಡಿದ್ದೇವೆ. ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಅದರದೇ ಕೆಲಸ. ಮಕ್ಕಳು ಬರುವ ದಾರಿಯ ಅಪಾಯಗಳನ್ನು ಎಣಿಸಿ ಒಂದು ನಿರ್ಣಯ ಮಾಡಿ, ಅದನ್ನು ಗ್ರಾಮಸಭೆಯ ಮುಂದಿಡಬೇಕು. ನಡೆಯಲಾಗದ ಮಗುವೊಂದು ಶಾಲೆಯಲ್ಲಿದ್ದರೆ ಆ ಮಗುವಿಗೆ ಸಾರಿಗೆ ಒದಗಿಸುವುದು 2016ರ ಅಧಿನಿಯಮದ 16ನೆಯ ಕಲಮಿನಂತೆ ಸರ್ಕಾರದ ಕರ್ತವ್ಯ. ಅದನ್ನು ನಿರ್ಣಯದಲ್ಲಿ ಮೊದಲ ಅಂಶವಾಗಿ ಬರೆಯಿರಿ. “ರಸ್ತೆ ಸರಿಯಿಲ್ಲ” ಎಂದು ಬರೆದರೆ ಉತ್ತರ ಬರುವುದಿಲ್ಲ. “ಇಂಥ ಕಂಬದಿಂದ ಇಂಥ ಸೇತುವೆಯವರೆಗೆ 140 ಹೆಜ್ಜೆ ದೂರ ರಸ್ತೆಯ ಅಂಚು ಒಂದು ಗೇಣು ಕುಸಿದಿದೆ” ಎಂಬ ಮಾದರಿಯಲ್ಲಿ ಬರೆದರೆ ಇಂಜಿನಿಯರು ಬಂದು ನೋಡಲೇಬೇಕಾಗುತ್ತದೆ. ಅಳೆಯುವ ಕೆಲಸವನ್ನು ಎಂಟನೆಯ ತರಗತಿಯ ಮಕ್ಕಳಿಗೆ ಕೊಡಬಹುದು, ದೊಡ್ಡವರೊಬ್ಬರು ಜೊತೆಗಿರಲಿ.

ಹಣವಿಲ್ಲವೆಂಬ ಉತ್ತರ ಬರುವುದು ಬಹುತೇಕ ಖಚಿತ. ಆ ಉತ್ತರಕ್ಕೆ ಪ್ರತ್ಯುತ್ತರ 1980ರಲ್ಲಿಯೇ ಸಿದ್ಧವಾಗಿದೆ. ಮಧ್ಯಪ್ರದೇಶದ ರತ್ಲಾಂ ಪಟ್ಟಣದ ಒಂದು ಬಡಾವಣೆಯ ನಿವಾಸಿಗಳು ಚರಂಡಿಯ ದುರ್ಗಂಧ ತಾಳಲಾರದೆ, ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರ ಬಳಿಗೆ ಹೋದರು. ಕೆಲಸ ಮಾಡಿರೆಂದು ಆಜ್ಞೆಯಾಯಿತು. ಪುರಸಭೆ ಹಣವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಆ ವಾದವನ್ನು ಒಪ್ಪಲಿಲ್ಲ. ಶಾಸನಬದ್ಧ ಕರ್ತವ್ಯದಿಂದ ನುಣುಚಿಕೊಳ್ಳಲು ಬಡತನ ನೆಪವಾಗದೆಂದರು. ಆ 133ನೆಯ ಕಲಮು ಇಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಾಗಿ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಸಾರ್ವಜನಿಕ ದಾರಿಯಲ್ಲಿನ ಅಡ್ಡಿಯನ್ನು ತೆಗೆಯಿಸಲು, ದಾರಿಯ ಪಕ್ಕದ ಬಾವಿ ಹೊಂಡಗಳಿಗೆ ಬೇಲಿ ಹಾಕಿಸಲು ಅದರಡಿ ಆಜ್ಞೆ ಮಾಡಬಹುದು. ನಮ್ಮ ಪಾಲಿಗೆ ಆ ಅಧಿಕಾರ ಆದವಾನಿಯ ಸಬ್ ಕಲೆಕ್ಟರ್ ಕಚೇರಿಯಲ್ಲಿದೆ. ವರ್ಷಗಟ್ಟಲೆ ಸಿವಿಲ್ ದಾವೆ ನಡೆಸುವ ಅಗತ್ಯವಿಲ್ಲ. ವಕೀಲನಾಗಿ ಈ ಮಾತನ್ನು ಹೇಳುವುದು ನನ್ನ ವೃತ್ತಿಗೆ ನಷ್ಟವೇ ಸರಿ.

ಅಡ್ಡಿ ಎಂಬ ಮಾತು ಬಂದೊಡನೆ ಕೆಲವರ ಕಣ್ಣು ಬುಟ್ಟಿಯಲ್ಲಿ ಹಣ್ಣಿಟ್ಟುಕೊಂಡು ಕುಳಿತ ಮುದುಕಿಯ ಮೇಲೆ ಬೀಳುತ್ತದೆ. 2014ರ ಬೀದಿ ವ್ಯಾಪಾರಿಗಳ ಅಧಿನಿಯಮವು ಆಕೆಯ ಜೀವನೋಪಾಯವನ್ನು ರಕ್ಷಿಸುತ್ತದೆ. ಸ್ಥಳ ಗುರುತಿಸಿ ಕೊಡಬೇಕು, ಸುಮ್ಮನೆ ಎಬ್ಬಿಸಲಾಗದು. ಅಲ್ಲದೆ ಮುಸ್ಸಂಜೆಯ ತಂಗುದಾಣದಲ್ಲಿ ಹೆಣ್ಣುಮಕ್ಕಳಿಗೆ ಧೈರ್ಯ ಕೊಡುವುದು ಆಕೆಯ ಇರವು. ತಿಂಗಳುಗಟ್ಟಲೆ ಬಿದ್ದಿರುವ ಜಲ್ಲಿಯ ರಾಶಿ, ಮನೆಯ ಮೆಟ್ಟಿಲನ್ನು ಬೀದಿಗೆ ಚಾಚಿದ ಸ್ಥಿತಿವಂತ, ದಾರಿಯ ನಡುವೆ ನಿಂತ ವಿದ್ಯುತ್ ಪರಿವರ್ತಕ, ಇವು ನಿಜವಾದ ಅಡ್ಡಿಗಳು. ಅರ್ಜಿಯಲ್ಲಿ ಇವುಗಳ ಹೆಸರು ಬರೆಯಲು ಧೈರ್ಯ ಬೇಕು, ಏಕೆಂದರೆ ಸ್ಥಿತಿವಂತನೇ ಕೆಲವೊಮ್ಮೆ ಸಮಿತಿಯ ಸದಸ್ಯ.

ಕಾಲದ ಬಗ್ಗೆ ಒಂದು ಮಾತು. ಶ್ರಾವಣದ ಏರ್ಪಾಡುಗಳಿಗಾಗಿ ಇಲಾಖೆಗಳು ಒಂದೆಡೆ ಸೇರುವುದು ಮಾಸಕ್ಕೆ ಮುಂಚೆ. ರಸ್ತೆಯವರು, ಪೊಲೀಸರು, ವಿದ್ಯುತ್ತಿನವರು, ಸಾರಿಗೆಯವರು, ದೇವಸ್ಥಾನದವರು ಒಟ್ಟಾಗಿ ದಾರಿಯನ್ನು ಕುರಿತು ಯೋಚಿಸುವ ಸಂದರ್ಭ ವರ್ಷದಲ್ಲಿ ಅದೊಂದೇ. ಶಾಲೆಗಳು ಜೂನ್‌ನಲ್ಲಿ ತೆರೆಯುತ್ತವೆ. ಆ ವೇಳೆಗೆ ನಿರ್ಣಯ ಸಿದ್ಧವಿದ್ದರೆ, ಜಾತ್ರೆಗೆಂದು ಹಾಕುವ ಮೊರಂ ಶಾಲೆಯ ದಾರಿಗೂ ಬೀಳಬಹುದು, ಕಟ್ಟಿದ ದೀಪ ಕಂಬದಲ್ಲಿಯೇ ಉಳಿಯಬಹುದು. ಕುಂದುಕೊರತೆಗಳ ಅರ್ಜಿಯನ್ನು ಕಚೇರಿಗಳು ಸ್ವೀಕರಿಸುವುದು ಸೋಮವಾರ. ಈರಣ್ಣನ ವಾರವೂ ಅದೇ. ಹೋಗುವಾಗ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಮೊಹರು ಮತ್ತು ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡು ಬನ್ನಿರಿ, ಅದನ್ನು ಮುಖ್ಯೋಪಾಧ್ಯಾಯರ ಬಳಿ ಶಾಲೆಯ ಕಡತದಲ್ಲಿ ಇರಿಸಿರಿ.